ಕೆಲಸ ಹೋದ ಮೇಲೆ ಹೊಸ ಕ್ಷೇತ್ರವನ್ನು ಆಯ್ದುಕೊಳ್ಳುವ ಬಗೆ: ದಾವಣಗೆರೆ, ಚಿತ್ರದುರ್ಗ ಸೀಮೆಯವರಿಗೊಂದು ಸಮಗ್ರ ಮಾರ್ಗದರ್ಶಿ

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ನನ್ನ ತಂದೆ ಇಲ್ಲಿನ ಹತ್ತಿ ಗಿರಣಿಯೊಂದರ ಸ್ಪಿನ್ನಿಂಗ್ ಖಾತೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದರು. ಗಿರಣಿಯ ಬಾಗಿಲು ಮುಚ್ಚಿದಾಗ ಅವರ ಜೊತೆಯವರಲ್ಲಿ ಹಲವರು, ಇಂದಲ್ಲ ನಾಳೆ ಮತ್ತೆ ಸೈರನ್ ಕೂಗುತ್ತದೆ ಎಂಬ ನಂಬಿಕೆಯಲ್ಲಿ ಎರಡು ಮೂರು ವರ್ಷ ಗೇಟಿನ ಎದುರಿನ ಚಹಾ ಅಂಗಡಿಯಲ್ಲೇ ಕಾದರು. ತಂದೆಯವರು ಆರು ತಿಂಗಳು ಕಾದು, ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವ ಅಂಗಡಿಗೆ ದಿನಗೂಲಿಯ ಮೇಲೆ ಸೇರಿಕೊಂಡರು. ನೂಲಿನ ಯಂತ್ರಕ್ಕೂ ಕೊಳವೆಬಾವಿಯ ಮೋಟಾರಿಗೂ ಏನು ಸಂಬಂಧ ಎಂದು ನೆಂಟರು ಕೇಳುತ್ತಿದ್ದರು. ಸವೆದ ಬೇರಿಂಗಿನ ಸದ್ದನ್ನು ಕಿವಿಯಿಂದಲೇ ಗುರುತಿಸುವ ಅವರ ವಿದ್ಯೆ ಎರಡೂ ಕಡೆ ಒಂದೇ ಆಗಿತ್ತು.

ನಾನು 37ನೇ ವಯಸ್ಸಿನಲ್ಲಿ ಖಾಸಗಿ ಹಣಕಾಸು ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದ ಕೆಲಸ ಕಳೆದುಕೊಂಡಾಗ ಮನೆಯಲ್ಲೇ ಇದ್ದ ಈ ಪಾಠ ನೆನಪಿಗೆ ಬರಲಿಲ್ಲ. ಈಗ ಯಾವುದಕ್ಕೆ ಬೇಡಿಕೆಯಿದೆ ಎಂದು ನಾಲ್ಕು ಜನರನ್ನು ಕೇಳಿ, ಹದಿನೈದೇ ದಿನದಲ್ಲಿ 40 ಸಾವಿರ ರೂಪಾಯಿ ಕಟ್ಟಿ ಒಂದು ಕಂಪ್ಯೂಟರ್ ಕೋರ್ಸಿಗೆ ಸೇರಿದೆ. ನಾಲ್ಕು ತಿಂಗಳ ನಂತರ ಪ್ರಮಾಣಪತ್ರ ಕೈಗೆ ಬಂತು. ಆ ಕೆಲಸ ಬೆಳಗಿನಿಂದ ಸಂಜೆಯವರೆಗೆ ಹೇಗಿರುತ್ತದೆ ಎಂಬುದು ತಿಳಿದದ್ದು ಅದಾದ ಮೇಲೆ, ಮತ್ತು ಅದು ನನಗೆ ಒಗ್ಗುವ ಕೆಲಸವಾಗಿರಲಿಲ್ಲ. ಹೊಸ ಕ್ಷೇತ್ರಕ್ಕೆ ಹಣವನ್ನೋ ವರ್ಷವನ್ನೋ ಕೊಡುವ ಮೊದಲು ಅದರಲ್ಲಿ ಕೆಲವು ದಿನ ಕೈಯಾರೆ ದುಡಿದು ನೋಡಬೇಕು ಎಂಬುದನ್ನು ನಾನು ಹೀಗೆ ಕಲಿತೆ. ಕೆಳಗಿನ ಹೆಜ್ಜೆಗಳೆಲ್ಲ ಆ ಕೆಲವು ದಿನಗಳ ಕಡೆಗೆ ನಿಮ್ಮನ್ನು ಒಯ್ಯುವ ಸಿದ್ಧತೆಗಳು.

ಮೊದಲ ಹೆಜ್ಜೆ: ಕಾಗದಪತ್ರ ಮತ್ತು ಕೈಯಲ್ಲಿರುವ ಹಣ

ಹಳೆಯ ಸಂಸ್ಥೆಯವರ ಮೇಲೆ ಎಷ್ಟೇ ಸಿಟ್ಟಿದ್ದರೂ ಮೊದಲ ವಾರದಲ್ಲೇ ಅಲ್ಲಿಂದ ಪಡೆಯಬೇಕಾದ ಕಾಗದಗಳಿವೆ: ಕೆಲಸದಿಂದ ಬಿಡುಗಡೆಯಾದ ಪತ್ರ, ಅನುಭವ ಪತ್ರ, ಕೊನೆಯ ಮೂರು ತಿಂಗಳ ವೇತನ ಚೀಟಿ. ಸಂಬಳದಿಂದ ಕಡಿತವಾದ ತೆರಿಗೆಯ ಪ್ರಮಾಣಪತ್ರ (ಫಾರಂ 16) ಆರ್ಥಿಕ ವರ್ಷ ಮುಗಿದ ಮೇಲೆ ಸಿಗುತ್ತದೆ, ಅದನ್ನೂ ಕೇಳಿ ಪಡೆಯಿರಿ. ಭವಿಷ್ಯ ನಿಧಿಯ ಖಾತೆಯಲ್ಲಿ ನೀವು ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಸಂಸ್ಥೆಯವರು ದಾಖಲಿಸದಿದ್ದರೆ, ಕೊನೆಯ ಕಂತು ಜಮಾ ಆದ ಎರಡು ತಿಂಗಳ ನಂತರ ಯುಎಎನ್ (ಭವಿಷ್ಯ ನಿಧಿಯ ಸದಸ್ಯರಿಗೆ ಕೊಡುವ ಸಂಖ್ಯೆ) ಮೂಲಕ ನೀವೇ ಅದನ್ನು ದಾಖಲಿಸಬಹುದು. ಒಂದೇ ಸಂಸ್ಥೆಯಲ್ಲಿ ಐದು ವರ್ಷ ನಿರಂತರವಾಗಿ ದುಡಿದವರಿಗೆ ಗ್ರಾಚ್ಯುಟಿ ಸಲ್ಲಬೇಕು. ಅದು ಯಾರೋ ಕೊಡುವ ಉಪಕಾರವಲ್ಲ. ಲೆಕ್ಕ ಸುಲಭವಾಗಿದೆ: ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯ ಮೊತ್ತವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಿದರಾಯಿತು. ಆ ಮೊತ್ತ 18,000 ರೂಪಾಯಿ ಇದ್ದು ಎಂಟು ವರ್ಷ ಸೇವೆ ಆಗಿದ್ದರೆ ಸುಮಾರು 83,077 ರೂಪಾಯಿ ಬರಬೇಕು, ಅದೂ 30 ದಿನಗಳ ಒಳಗೆ.

ಭವಿಷ್ಯ ನಿಧಿಯ ಹಣವನ್ನು ಪೂರ್ತಿ ತೆಗೆದುಬಿಡುವ ಅವಸರ ಬೇಡ. ಐದು ವರ್ಷದ ನಿರಂತರ ಸೇವೆ ತುಂಬುವ ಮೊದಲೇ ಹಿಂಪಡೆದರೆ ಸಾಮಾನ್ಯವಾಗಿ ಅದಕ್ಕೆ ತೆರಿಗೆ ಬೀಳುತ್ತದೆ. ಸಂಸ್ಥೆಯೇ ವ್ಯವಹಾರ ನಿಲ್ಲಿಸಿದ್ದರಿಂದ ಕೆಲಸ ಹೋಗಿದ್ದರೆ ವಿನಾಯಿತಿಯಿದೆ. ಪಿಂಚಣಿಯ ಭಾಗದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಒಟ್ಟು ಹತ್ತು ವರ್ಷದ ಸೇವೆ ತುಂಬಿದರೆ ಪಿಂಚಣಿಯ ಹಕ್ಕು ಹುಟ್ಟುತ್ತದೆ. ಏಳೆಂಟು ವರ್ಷ ಆಗಿರುವವರು ಆ ಹಣವನ್ನು ತೆಗೆದುಕೊಂಡರೆ ಹಿಂದಿನ ಸೇವೆಯೆಲ್ಲ ಲೆಕ್ಕದಿಂದ ಹೋಗುತ್ತದೆ. ಅದರ ಬದಲು ಆವರೆಗಿನ ಸೇವೆಯನ್ನು ದಾಖಲಿಸುವ ಸ್ಕೀಮ್ ಸರ್ಟಿಫಿಕೇಟ್ ಪಡೆದಿಟ್ಟುಕೊಂಡರೆ ಮುಂದಿನ ಕೆಲಸದ ಸೇವೆ ಅದಕ್ಕೆ ಕೂಡಿಕೊಳ್ಳುತ್ತದೆ. ತಿಂಗಳಿಗೆ 21,000 ರೂಪಾಯಿ ಸಂಬಳದ ಮಿತಿಯೊಳಗಿದ್ದು ನೌಕರರ ರಾಜ್ಯ ವಿಮೆಗೆ (ಇಎಸ್‌ಐ) ಕಡಿತವಾಗುತ್ತಿದ್ದವರು, ನಿರುದ್ಯೋಗದ ಅವಧಿಯಲ್ಲಿ ಸರಾಸರಿ ದಿನಗೂಲಿಯ ಅರ್ಧದಷ್ಟನ್ನು ಗರಿಷ್ಠ 90 ದಿನ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯ ಬಗ್ಗೆ ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಚಾರಿಸಬೇಕು; ಅದರ ಅವಧಿಯನ್ನು ಕಾಲಕಾಲಕ್ಕೆ ವಿಸ್ತರಿಸುತ್ತ ಬಂದಿರುವುದರಿಂದ ಖುದ್ದಾಗಿ ಕೇಳುವುದೇ ಒಳ್ಳೆಯದು. ರಾಜ್ಯದ ಯುವನಿಧಿ ಹೊಸದಾಗಿ ಪದವಿ ಅಥವಾ ಡಿಪ್ಲೊಮಾ ಮುಗಿಸಿ ಕೆಲಸ ಸಿಗದವರಿಗಾಗಿ ಇರುವುದು. ಇದ್ದ ಕೆಲಸ ಹೋದವರು ಅದರ ಮೇಲೆ ಲೆಕ್ಕ ಹಾಕಬಾರದು.

ಇದಾದ ಮೇಲೆ ಮನೆಯವರೊಂದಿಗೆ ಕುಳಿತು ಒಂದು ದಿನಾಂಕವನ್ನು ಕಂಡುಕೊಳ್ಳಬೇಕು. ಬಾಡಿಗೆ, ಹಾಲು, ರೇಷನ್, ಗ್ಯಾಸ್, ಮಕ್ಕಳ ಶಾಲೆಯ ಶುಲ್ಕ, ಸಾಲದ ಕಂತು, ಅಪ್ಪ ಅಮ್ಮನ ಔಷಧಿ ಎಲ್ಲವನ್ನೂ ಬರೆದು, ಕೈಯಲ್ಲಿರುವ ಹಣ ಯಾವ ತಿಂಗಳ ಯಾವ ತಾರೀಕಿನವರೆಗೆ ಬರುತ್ತದೆ ಎಂದು ನೋಡಿ. ಬಂಗಾರ ಅಡವಿಡುವ ಲೆಕ್ಕವನ್ನು ಇದರಲ್ಲಿ ಸೇರಿಸಬೇಡಿ. ಮೂರು ತಿಂಗಳ ಹಣ ಇರುವವರು ಎರಡು ವರ್ಷದ ಕೋರ್ಸಿನ ಮಾತು ಆಡುವಂತಿಲ್ಲ. ಮೊದಲು ಯಾವುದಾದರೊಂದು ಸಂಬಳಕ್ಕೆ ಸೇರಿ, ಸಂಜೆಯ ಹೊತ್ತು ದಾರಿ ಹುಡುಕಬೇಕು. ಈ ದಿನಾಂಕವನ್ನು ಮನೆಯವರಿಂದ ಮುಚ್ಚಿಟ್ಟು, ಬೆಳಗ್ಗೆ ಡಬ್ಬಿ ಹಿಡಿದು ಹೊರಟು ಕುಂದುವಾಡ ಕೆರೆಯ ಏರಿಯ ಮೇಲೆ ಹೊತ್ತು ಕಳೆದು ಬರುವವರನ್ನು ನಾನು ಕಂಡಿದ್ದೇನೆ. ಆ ಹೊರೆಯನ್ನು ಒಬ್ಬರೇ ಹೊರಬೇಕಾಗಿಲ್ಲ, ಮತ್ತು ಖರ್ಚು ಹೇಗೆ ಇಳಿಸಬಹುದು ಎಂಬುದು ಮನೆ ನಡೆಸುವವರಿಗೇ ಹೆಚ್ಚು ತಿಳಿದಿರುತ್ತದೆ.

ಎರಡನೆಯ ಹೆಜ್ಜೆ: ಹೋಗಿದ್ದು ಕೆಲಸವೋ, ಕ್ಷೇತ್ರವೋ?

ಕೆಲಸ ಹೋದವರೆಲ್ಲ ಕ್ಷೇತ್ರ ಬದಲಿಸಬೇಕಾಗಿಲ್ಲ. ನಿಮ್ಮ ಸಂಸ್ಥೆ ಮುಚ್ಚಿದ್ದರೂ ಅದೇ ಕೆಲಸ ಮಾಡುವ ಬೇರೆ ಸಂಸ್ಥೆಗಳು ಜನರನ್ನು ತೆಗೆದುಕೊಳ್ಳುತ್ತಿದ್ದರೆ ಹಳೆಯ ಅನುಭವವೇ ನಿಮ್ಮ ಬೆಲೆ. ಅದನ್ನು ಬಿಟ್ಟುಕೊಟ್ಟು ಹೊಸಬರ ಸಾಲಿನಲ್ಲಿ ನಿಲ್ಲುವುದು ನಷ್ಟ. ಕಳೆದ ಎರಡು ವರ್ಷಗಳಲ್ಲಿ ನಿಮ್ಮಂತೆಯೇ ಕೆಲಸ ಬಿಟ್ಟ ಐದಾರು ಜನ ಈಗ ಎಲ್ಲಿದ್ದಾರೆ ಎಂದು ಫೋನ್ ಮಾಡಿ ತಿಳಿದುಕೊಳ್ಳಿ. ಹೆಚ್ಚಿನವರು ಅದೇ ಕ್ಷೇತ್ರದಲ್ಲಿ ಮತ್ತೆ ನೆಲೆಸಿದ್ದರೆ ನೀವೂ ಅಲ್ಲೇ ಹುಡುಕಬೇಕು, ಎಲ್ಲರೂ ಹೊರಬಿದ್ದಿದ್ದರೆ ಕ್ಷೇತ್ರವೇ ಕುಗ್ಗುತ್ತಿದೆ ಎಂದು ತಿಳಿಯಬೇಕು. ಗಿರಣಿಗಳ ಕಾಲದಲ್ಲಿ ಒಂದು ಮುಚ್ಚಿದಾಗ ಇನ್ನೊಂದಕ್ಕೆ ಸೇರಿದವರು ತಪ್ಪು ಮಾಡಿರಲಿಲ್ಲ. ಒಂದರ ಹಿಂದೊಂದು ನಿಲ್ಲತೊಡಗಿದ ಮೇಲೂ ಮುಂದಿನ ಗಿರಣಿಯನ್ನೇ ನೋಡುತ್ತ ಕುಳಿತವರಿಗೆ ವರ್ಷಗಳು ಹೋದವು.

ಮೂರನೆಯ ಹೆಜ್ಜೆ: ಹುದ್ದೆಯ ಹೆಸರನ್ನು ಬದಿಗಿಟ್ಟು ಕೆಲಸವನ್ನು ಬಿಡಿಸಿ ಬರೆಯುವುದು

ಈ ಹೆಜ್ಜೆಗೆ ಕನಿಷ್ಠ ಒಂದು ವಾರ ಕೊಡಿ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ನೀವು ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ ನಾವು ಸೂಪರ್‌ವೈಸರ್, ಕ್ಲರ್ಕ್, ಆಪರೇಟರ್ ಎಂದು ಹುದ್ದೆಯ ಹೆಸರು ಹೇಳುತ್ತೇವೆ. ಆ ಹೆಸರು ಹಳೆಯ ಸಂಸ್ಥೆಯದು, ಅಲ್ಲೇ ಉಳಿಯುತ್ತದೆ. ನಿಮ್ಮ ಜೊತೆ ಬರುವುದು ನೀವು ಮಾಡುತ್ತಿದ್ದ ಬಿಡಿ ಬಿಡಿ ಕೆಲಸಗಳು ಮಾತ್ರ. ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು, ಹಳೆಯ ಕೆಲಸದ ಮೂರು ದಿನಗಳನ್ನು ನೆನಪಿಸಿಕೊಂಡು ಗಂಟೆಗಂಟೆಯ ಲೆಕ್ಕ ಬರೆಯಿರಿ. ಒಂದು ಸಾಮಾನ್ಯ ದಿನ, ಒಂದು ಅತಿ ಕಷ್ಟದ ದಿನ, ಒಂದು ಎಲ್ಲರೂ ನಿಮ್ಮನ್ನು ಮೆಚ್ಚಿದ ದಿನ ಇದ್ದರೆ ಸಾಕು.

ನನ್ನ ನೆಂಟರೊಬ್ಬರು ಕೋಳಿ ಆಹಾರ ತಯಾರಿಸುವ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ದುಡಿದು ಕೆಲಸ ಕಳೆದುಕೊಂಡಾಗ, ‘ನನಗೇನು ಬರುತ್ತೆ ಅಣ್ಣ, ಮೆಕ್ಕೆಜೋಳ ತೂಕ ಮಾಡೋದು ಬಿಟ್ಟರೆ’ ಎಂದಿದ್ದರು. ಇಬ್ಬರೂ ಕುಳಿತು ಬಿಡಿಸಿ ಬರೆದಾಗ ಪುಟ ತುಂಬಿತು. ಲಾರಿ ಬಂದ ಕೂಡಲೇ ವೇಬ್ರಿಡ್ಜ್‌ ಮೇಲೆ ಹತ್ತಿಸಿ, ತುಂಬಿದ ತೂಕ ಖಾಲಿ ತೂಕ ಎರಡನ್ನೂ ಚೀಟಿಯಲ್ಲಿ ಹೊಂದಿಸುತ್ತಿದ್ದರು. ಚೀಲಕ್ಕೆ ಕೊಳವೆ ಚುಚ್ಚಿ ತೆಗೆದ ಕಾಳನ್ನು ಹಲ್ಲಿನಲ್ಲಿ ಕಡಿದೇ ತೇವ 14 ಶೇಕಡಾಕ್ಕಿಂತ ಹೆಚ್ಚಿದೆಯೋ ಇಲ್ಲವೋ ಎಂದು ಅಂದಾಜಿಸಿ, ಆಮೇಲೆ ಮೀಟರಿನಲ್ಲಿ ಖಚಿತ ಮಾಡುತ್ತಿದ್ದರು. ತೂಕ ಕಡಿಮೆ ಬಂತೆಂದು ಜಗಳಕ್ಕೆ ನಿಂತ ರೈತರನ್ನು ಕೂರಿಸಿ ನೀರು ಕೊಟ್ಟು, ಅವರ ಕಣ್ಣ ಮುಂದೆಯೇ ಇನ್ನೊಮ್ಮೆ ತೂಗಿಸುತ್ತಿದ್ದರು. ಮೊದಲು ಬಂದ ಸರಕು ಮೊದಲು ಹೋಗುವಂತೆ ಗೋದಾಮಿನ ಸಾಲುಗಳನ್ನು ಜೋಡಿಸಿ, ತಿಂಗಳ ಕೊನೆಗೆ ದಾಸ್ತಾನು ಪುಸ್ತಕಕ್ಕೂ ನೆಲದ ಮೇಲಿನ ಚೀಲಕ್ಕೂ ತಾಳೆ ನೋಡುತ್ತಿದ್ದರು. ಇಷ್ಟೆಲ್ಲ ಬರುವವರು ತಮಗೆ ಏನೂ ಬರುವುದಿಲ್ಲ ಎಂದುಕೊಂಡಿದ್ದರು.

ಹೀಗೆ ಬರೆದ ಮೇಲೆ, ಮಾಡುವಾಗ ಹೊತ್ತು ಹೋದದ್ದೇ ತಿಳಿಯದ ಕೆಲಸಗಳಿಗೆ ಒಂದು ಗುರುತು ಹಾಕಿ. ಬೇರೆ ವಿಭಾಗದವರೂ ನಿಮ್ಮನ್ನು ಹುಡುಕಿಕೊಂಡು ಬಂದು ಮಾಡಿಸಿಕೊಳ್ಳುತ್ತಿದ್ದ ಕೆಲಸಗಳಿಗೆ ಎರಡು ಗುರುತು ಹಾಕಿ. ನನ್ನ ಅನುಭವದಲ್ಲಿ ಎರಡನೆಯ ಗುರುತೇ ಹೆಚ್ಚು ನಂಬಲು ತಕ್ಕದ್ದು, ಏಕೆಂದರೆ ಅದು ಬೇರೆಯವರು ನಿಮ್ಮಲ್ಲಿ ಕಂಡ ಬೆಲೆ. ಇನ್ನು ಮುಂದೆ ಎಷ್ಟೇ ಸಂಬಳ ಕೊಟ್ಟರೂ ಮಾಡಲಾರೆ ಎನಿಸುವ ಕೆಲಸವಿದ್ದರೆ ಅದನ್ನೂ ಪ್ರಾಮಾಣಿಕವಾಗಿ ಹೊಡೆದುಹಾಕಿ.

ನಾಲ್ಕನೆಯ ಹೆಜ್ಜೆ: ಈ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ಹಣ ಕೊಡುವವರು ಯಾರು?

ಗುರುತು ಬಿದ್ದ ಕೆಲಸಗಳನ್ನು ಹಿಡಿದು ಸುತ್ತ ಕಣ್ಣು ಹಾಯಿಸಬೇಕು. ದಾವಣಗೆರೆ ಇಂದು ಆಸ್ಪತ್ರೆಗಳ ಊರು. ಎರಡು ಮೆಡಿಕಲ್ ಕಾಲೇಜುಗಳೂ ಅನೇಕ ನರ್ಸಿಂಗ್ ಹೋಂಗಳೂ ಇರುವುದರಿಂದ ಸುತ್ತಲಿನ ಜಿಲ್ಲೆಗಳ ರೋಗಿಗಳು ಇಲ್ಲಿಗೆ ಬರುತ್ತಾರೆ. ಆಸ್ಪತ್ರೆಯೆಂದರೆ ವೈದ್ಯರು, ನರ್ಸ್‌ಗಳು ಮಾತ್ರವಲ್ಲ. ಔಷಧಿ ದಾಸ್ತಾನು, ಬಿಲ್ಲಿಂಗ್, ವಿಮೆಯ ಕಾಗದಪತ್ರ, ಉಪಕರಣಗಳ ನಿರ್ವಹಣೆ, ಅಡುಗೆ, ಲಾಂಡ್ರಿ ಎಲ್ಲಕ್ಕೂ ಜನ ಬೇಕು. ಮೆಕ್ಕೆಜೋಳ, ಭದ್ರಾ ನಾಲೆಯ ಭತ್ತ, ಚನ್ನಗಿರಿಯ ಅಡಿಕೆ ಇವುಗಳ ಸುತ್ತ ಮಂಡಿ, ಗೋದಾಮು, ಸಾಗಣೆ, ಲೆಕ್ಕಪತ್ರದ ಕೆಲಸಗಳಿವೆ. ಹರಿಹರದಲ್ಲಿ 1941ರಲ್ಲಿ ಲೇತ್ ಕಾರ್ಖಾನೆ ಶುರುವಾದಂದಿನಿಂದ ಬೆಳೆದ ಯಂತ್ರಗೆಲಸದ ಪರಿಣತಿ, ಕಾರ್ಖಾನೆ ನಿಂತ ಮೇಲೂ ಜನರ ಕೈಯಲ್ಲಿ ಉಳಿದಿದೆ. ಚಿತ್ರದುರ್ಗದ ಕಡೆ ಚಳ್ಳಕೆರೆಯ ಎಣ್ಣೆ ಗಿರಣಿಗಳು, ಗುಡ್ಡಗಳ ಮೇಲಿನ ಗಾಳಿಯಂತ್ರಗಳು, ಹಿರಿಯೂರು ಮತ್ತು ಹೊಸದುರ್ಗದ ದಾಳಿಂಬೆ ತೋಟಗಳು, ಹೆದ್ದಾರಿಯ ಉದ್ದಕ್ಕೂ ಬೆಳೆದ ಸಾಗಣೆ ವ್ಯವಹಾರ ಇವೆ.

ಬೆಂಗಳೂರಿಗೆ ಹೋಗಬೇಕೆಂದರೆ ಸಂಬಳದ ಅಂಕಿಯನ್ನು ಮಾತ್ರ ನೋಡಬೇಡಿ. ಅಲ್ಲಿನ 28 ಸಾವಿರ ರೂಪಾಯಿಯಿಂದ ಕೋಣೆಯ ಬಾಡಿಗೆ, ಊಟ, ಓಡಾಟ, ತಿಂಗಳಿಗೆ ಎರಡು ಸಲ ಊರಿಗೆ ಬರುವ ಖರ್ಚು ಕಳೆದು ಎಷ್ಟು ಉಳಿಯುತ್ತದೆ ಎಂದು ಬರೆದು, ಇಲ್ಲಿನ 18 ಸಾವಿರದ ಜೊತೆ ಹೋಲಿಸಿ.

ಒಂದು ಮಾತನ್ನು ಇಲ್ಲೇ ಹೇಳಬೇಕು. ನಮ್ಮ ಊರಿನಲ್ಲಿ ಕೆಲಸ ಹೋದ ಹತ್ತು ಜನರಲ್ಲಿ ಮೂರು ಜನರಾದರೂ ಬೆಣ್ಣೆದೋಸೆಯ ಹೋಟೆಲ್ ಹಾಕುವ ಮಾತಾಡುತ್ತಾರೆ. ದೋಸೆಗೆ ಹೆಸರಿದೆ, ಬೆಂಗಳೂರಿನಲ್ಲೂ ನಮ್ಮ ಊರಿನ ಹೆಸರಿನಲ್ಲೇ ಮಾರಾಟವಾಗುತ್ತದೆ, ನಿಜ. ಆದರೆ ಬೆಳಗಿನ ನಾಲ್ಕು ಗಂಟೆಗೆ ಎದ್ದು ಒಲೆ ಹಚ್ಚಿ, ಭಟ್ಟರು ಬಾರದ ದಿನ ಸ್ವತಃ ಹೆಂಚಿನ ಮುಂದೆ ನಿಲ್ಲಲು ಸಿದ್ಧರಿದ್ದವರಿಗೆ ಮಾತ್ರ ಅದು ದಾರಿ. ತಿನ್ನುವ ಇಷ್ಟವೇ ಮಾಡುವ ಇಷ್ಟವಾಗಿರಬೇಕೆಂದಿಲ್ಲ.

ಐದನೆಯ ಹೆಜ್ಜೆ: ಆ ಕೆಲಸ ಮಾಡುತ್ತಿರುವವರ ಬಾಯಿಂದ ಕೇಳುವುದು

ಎರಡು ಕ್ಷೇತ್ರಗಳನ್ನು ಇಟ್ಟುಕೊಂಡು, ಒಂದೊಂದರಲ್ಲೂ ಮೂವರನ್ನು ಭೇಟಿ ಮಾಡಿ. ಮಾಲೀಕರಿಗಿಂತ ಎರಡು ಮೂರು ವರ್ಷದ ಹಿಂದೆ ಸೇರಿದವರು ನಿಮಗೆ ಹೆಚ್ಚು ಉಪಯುಕ್ತ. ಮಾತು ಶುರು ಮಾಡುವಾಗಲೇ, ‘ಸಾರ್, ನಾನು ಕೆಲಸ ಕೇಳೋಕೆ ಬಂದಿಲ್ಲ, ಈ ಲೈನಿಗೆ ಬರಬೇಕು ಅಂತಿದ್ದೀನಿ, ಹತ್ತು ನಿಮಿಷ ನಿಮ್ಮ ಅನುಭವ ಹೇಳಿದರೆ ಉಪಕಾರ ಆಗುತ್ತೆ’ ಎಂದುಬಿಟ್ಟರೆ ಎದುರಿನವರಿಗೆ ಸಂಕೋಚ ಇರುವುದಿಲ್ಲ. ಕೆಲಸ ಹೇಗಿದೆ ಎಂದು ಕೇಳಿದರೆ ಪರವಾಗಿಲ್ಲ ಎಂಬ ಉತ್ತರವೇ ಸಿಗುತ್ತದೆ. ಅದರ ಬದಲು ನಿನ್ನೆ ಬೆಳಗ್ಗೆಯಿಂದ ರಾತ್ರಿಯವರೆಗೆ ಏನೇನು ಮಾಡಿದಿರಿ, ನಿಮ್ಮ ಜೊತೆ ಸೇರಿದವರಲ್ಲಿ ಬಿಟ್ಟುಹೋದವರು ಯಾಕೆ ಬಿಟ್ಟರು, ಮೊದಲ ವರ್ಷ ಕೈಗೆ ಎಷ್ಟು ಬಂತು, ನಲವತ್ತು ದಾಟಿದವರನ್ನು ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ. ಬಿಟ್ಟುಹೋದವರ ಕಾರಣಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅವು ನಿಮಗೂ ಅನ್ವಯಿಸುತ್ತವೆಯೇ ಎಂಬುದನ್ನು ಮುಂದಿನ ಹೆಜ್ಜೆಯಲ್ಲಿ ಪರೀಕ್ಷಿಸಬೇಕು.

ಆರನೆಯ ಹೆಜ್ಜೆ: ಹತ್ತು ದಿನ ದುಡಿದು ನೋಡುವುದು

ಸಂಬಳ ಕೊಡಲಿ ಬಿಡಲಿ, ಹತ್ತು ದಿನ ಆ ಕೆಲಸದ ಜಾಗದಲ್ಲಿ ಕಳೆಯಲು ಅವಕಾಶ ಕೇಳಿ. ದೊಡ್ಡ ಸಂಸ್ಥೆಗಳಲ್ಲಿ ಇದು ಕಷ್ಟ. ಸಣ್ಣ ಅಂಗಡಿ, ವರ್ಕ್‌ಶಾಪ್, ಕಚೇರಿ, ನರ್ಸಿಂಗ್ ಹೋಂಗಳಲ್ಲಿ ಪರಿಚಯದವರ ಮೂಲಕ ಸಾಧ್ಯವಾಗುತ್ತದೆ. ಆ ಹತ್ತು ದಿನಗಳನ್ನು ಆಯ್ದುಕೊಳ್ಳುವಾಗ ಆ ಕ್ಷೇತ್ರದ ಅತಿ ಕಷ್ಟದ ದಿನಗಳನ್ನೇ ಆಯ್ದುಕೊಳ್ಳಬೇಕು. ಮಂಡಿಯ ಕೆಲಸವನ್ನು ಬೇಸಿಗೆಯ ಬಿಡುವಿನಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ. ಮುಂಗಾರಿನ ಮೆಕ್ಕೆಜೋಳ ಬಂದು ಲಾರಿಗಳು ಸಾಲುಗಟ್ಟಿದಾಗ ನೋಡಬೇಕು. ಆಸ್ಪತ್ರೆಯಾದರೆ ರಾತ್ರಿ ಪಾಳಿಯಲ್ಲಿ ಇರಬೇಕು.

ಕೋರ್ಸಿನ ಪ್ರಮಾಣಪತ್ರವನ್ನು ಪೆಟ್ಟಿಗೆಗೆ ಸೇರಿಸಿದ ಮೇಲೆ ನಾನು ಮಾಡಿದ್ದು ಇದನ್ನೇ. ಪರಿಚಯದ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಒಂದು ತಿಂಗಳ 8ರಿಂದ 20ರವರೆಗೆ ಕುಳಿತೆ. ಜಿಎಸ್‌ಟಿ ಲೆಕ್ಕವನ್ನು ತಿಂಗಳು ತಿಂಗಳು ಸಲ್ಲಿಸುವವರಿಗೆ ಮಾರಾಟದ ವಿವರದ ಜಿಎಸ್‌ಟಿಆರ್-1 ಕೊಡಲು 11, ಕಟ್ಟಬೇಕಾದ ತೆರಿಗೆಯ ಜಿಎಸ್‌ಟಿಆರ್-3ಬಿಗೆ 20 ಕೊನೆಯ ದಿನವಾದ್ದರಿಂದ ಆ ಕಚೇರಿಗೆ ಅದೇ ಸುಗ್ಗಿ, ಅದೇ ಸಂಕಟ. ಒಬ್ಬ ವ್ಯಾಪಾರಿ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಮುದ್ದೆಯಾದ ಬಿಲ್ಲುಗಳನ್ನು ತಂದು ಮೇಜಿನ ಮೇಲೆ ಸುರಿದುಹೋದಾಗ, ಉಳಿದವರಿಗೆ ಬೇಸರವಾಯಿತು. ನನಗೆ ಅವನ್ನು ದಿನಾಂಕದ ಪ್ರಕಾರ ಜೋಡಿಸುತ್ತ ಹೋಗುವುದರಲ್ಲಿ ಮಧ್ಯಾಹ್ನದ ಊಟ ಮರೆತುಹೋಗಿತ್ತು. ನಾನು ಯಾವ ಕ್ಷೇತ್ರದಲ್ಲಿ ಇರಬೇಕೆಂಬುದು ಆ ಮಧ್ಯಾಹ್ನ ನನಗೆ ಗೊತ್ತಾಯಿತು. ಇಂದಿಗೂ ನಾನು ಮಂಡಿ ವ್ಯಾಪಾರಿಗಳ, ಸಣ್ಣ ವರ್ಕ್‌ಶಾಪ್‌ಗಳ ಲೆಕ್ಕಪತ್ರವನ್ನೇ ನೋಡಿಕೊಂಡಿದ್ದೇನೆ.

ಹತ್ತು ದಿನವೂ ರಾತ್ರಿ ಮೂರು ಸಾಲು ಬರೆಯಿರಿ: ಇಂದು ಯಾವ ಕೆಲಸ ಹಗುರವೆನಿಸಿತು, ಯಾವುದು ಮೈಮೇಲೆ ಬಂದಂತಾಯಿತು, ನಾಳೆ ಹೋಗಬೇಕೆನಿಸುತ್ತಿದೆಯೇ. ಮೈಕೈ ನೋವಿನ ಕಾರಣಕ್ಕೆ ಮೊದಲ ಮೂರು ದಿನ ಯಾವ ಕೆಲಸವೂ ಕಷ್ಟವೇ. ಏಳನೆಯ ದಿನದ ನಂತರ ಬರೆದದ್ದನ್ನು ನಂಬಿ.

ಏಳನೆಯ ಹೆಜ್ಜೆ: ತರಬೇತಿ, ಬೇಕಾದಷ್ಟೇ

ದುಡಿದು ನೋಡಿದ ಮೇಲೆ ನಿಮಗೆ ನಿಜವಾಗಿ ಏನು ಬರುವುದಿಲ್ಲ ಎಂಬುದು ತಿಳಿದಿರುತ್ತದೆ. ಅಷ್ಟಕ್ಕೆ ಮಾತ್ರ ತರಬೇತಿ ಪಡೆಯಿರಿ. ಸ್ವಂತ ಉದ್ಯೋಗದ ಕಡೆ ಹೊರಟ ಗ್ರಾಮೀಣರಿಗೆ ಬ್ಯಾಂಕುಗಳ ಆಶ್ರಯದ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಊಟ ವಸತಿಯೊಂದಿಗೆ ಉಚಿತವಾಗಿ ಕಲಿಸುತ್ತವೆ. ಈ ಪದ್ಧತಿಗೆ ಮಾದರಿಯಾದದ್ದು 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್; ಅದರ ಶಾಖೆ ಚಿತ್ರದುರ್ಗದಲ್ಲೂ ಇದೆ. ಯಂತ್ರಗೆಲಸದವರು ಹರಿಹರದ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಅಲ್ಪಾವಧಿಯ ತರಬೇತಿಗಳ ಬಗ್ಗೆ ವಿಚಾರಿಸಬಹುದು. ಪದವಿ ಅರ್ಧಕ್ಕೆ ನಿಂತವರಿಗೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ದಾರಿಯಿದೆ.

ಖಾಸಗಿ ಕೋರ್ಸಿಗೆ ಹಣ ಕಟ್ಟುವ ಮೊದಲು ಕಳೆದ ತಂಡದಲ್ಲಿ ಮುಗಿಸಿದ ಐವರ ಫೋನ್ ನಂಬರ್ ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ; ನಾನು ಈ ಒಂದು ಪ್ರಶ್ನೆ ಕೇಳಿದ್ದರೆ 40 ಸಾವಿರ ಉಳಿಯುತ್ತಿತ್ತು. ಕೆಲಸ ಕೊಡಿಸುತ್ತೇವೆಂದು ಠೇವಣಿ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಲು ಶುಲ್ಕವಿಲ್ಲ.

ಸ್ವಂತ ಉದ್ಯೋಗವೇ ಸರಿಯೆನಿಸಿದರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ಬಗ್ಗೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಬೇಕು. ಅದರ ನಿಯಮದಂತೆ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿವರೆಗಿನ ಯೋಜನೆಗೆ, ಸ್ಥಳ ಮತ್ತು ವರ್ಗವನ್ನು ಅನುಸರಿಸಿ ಶೇಕಡಾ 15ರಿಂದ 35ರವರೆಗೆ ಸಬ್ಸಿಡಿ ಇರುತ್ತದೆ. ಆದರೆ ಈ ಸಬ್ಸಿಡಿ ಕೈಗೆ ಬರುವ ಹಣವಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಇದ್ದು ಆಮೇಲೆ ಸಾಲಕ್ಕೆ ಹೊಂದಿಕೆಯಾಗುತ್ತದೆ. ಅಲ್ಲಿಯವರೆಗೆ ಘಟಕ ನಡೆಯುತ್ತಿರಬೇಕು. ಸಬ್ಸಿಡಿ ಇದೆಯೆಂಬ ಕಾರಣಕ್ಕೇ ಉದ್ಯೋಗ ಆಯ್ದುಕೊಳ್ಳಬಾರದು ಎನ್ನುವುದು ಇದಕ್ಕಾಗಿಯೇ. ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿಯ ಅರ್ಧಕ್ಕಿಂತ ಹೆಚ್ಚನ್ನು ಹೊಸ ವ್ಯವಹಾರಕ್ಕೆ ಸುರಿಯಬೇಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಎಂಟನೆಯ ಹೆಜ್ಜೆ: ಅರ್ಜಿ ಮತ್ತು ಸಂದರ್ಶನ

ಹೊಸ ಕ್ಷೇತ್ರದ ಅರ್ಜಿಯಲ್ಲಿ ಹಳೆಯ ಹುದ್ದೆಯ ಹೆಸರಿಗಿಂತ ಮೇಲೆ, ನೋಟ್‌ಬುಕ್ಕಿನಲ್ಲಿ ಎರಡು ಗುರುತು ಬಿದ್ದ ಕೆಲಸಗಳನ್ನು ಹೊಸ ಕ್ಷೇತ್ರದವರ ಮಾತಿನಲ್ಲಿ ಬರೆಯಬೇಕು. ನನ್ನ ನೆಂಟರು ನರ್ಸಿಂಗ್ ಹೋಂ ಒಂದರ ಔಷಧಿ ದಾಸ್ತಾನು ವಿಭಾಗದಲ್ಲಿ ಹತ್ತು ದಿನ ಕಳೆದ ಮೇಲೆ, ಅವಧಿ ಮೊದಲು ಮುಗಿಯುವ ಔಷಧಿ ಮೊದಲು ಹೊರಹೋಗುವಂತೆ ಕಪಾಟು ಜೋಡಿಸುವುದು ತಾವು ಮೆಕ್ಕೆಜೋಳದ ಗೋದಾಮಿನಲ್ಲಿ ಮಾಡುತ್ತಿದ್ದ ಕೆಲಸವೇ ಎಂದು ಗುರುತಿಸಿ, ಅದನ್ನೇ ಅರ್ಜಿಯ ಮೊದಲ ಸಾಲಾಗಿ ಬರೆದರು. ಹಳೆಯ ಕೆಲಸ ಯಾಕೆ ಹೋಯಿತೆಂದು ಕೇಳಿದಾಗ ಇದ್ದದ್ದನ್ನು ಒಂದೇ ವಾಕ್ಯದಲ್ಲಿ ಹೇಳಿ, ಯಾರನ್ನೂ ದೂರದೆ, ಹತ್ತು ದಿನ ತಾವೇ ಬಂದು ಈ ಕೆಲಸ ಮಾಡಿ ನೋಡಿದ್ದನ್ನು ತಿಳಿಸಿದರು. ಸಂಬಳ ಮೊದಲಿನದಕ್ಕಿಂತ 3 ಸಾವಿರ ಕಡಿಮೆಯಿತ್ತು. ಮನೆಯಲ್ಲಿ ಬರೆದಿಟ್ಟುಕೊಂಡಿದ್ದ ಲೆಕ್ಕದೊಳಗೆ ಅದು ಕೂರುತ್ತಿದ್ದುದರಿಂದ ಒಪ್ಪಿಕೊಂಡರು.

ಹೊಸ ಕಡೆ ಸೇರಿದ ದಿನವೇ ಹಳೆಯ ಯುಎಎನ್ ಸಂಖ್ಯೆಯನ್ನು ಕೊಟ್ಟು, ಹಿಂದಿನ ಭವಿಷ್ಯ ನಿಧಿಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಿ. ಸ್ಕೀಮ್ ಸರ್ಟಿಫಿಕೇಟ್ ಪಡೆದಿದ್ದವರು ಅದನ್ನೂ ಹೊಸ ಸಂಸ್ಥೆಯ ಮೂಲಕ ಸಲ್ಲಿಸಬೇಕು. ನೋಟ್‌ಬುಕ್ಕನ್ನು ಎಸೆಯಬೇಡಿ, ಆರು ತಿಂಗಳಾದ ಮೇಲೆ ಹೊಸ ಕೆಲಸದ ಮೂರು ದಿನಗಳನ್ನು ಅದರಲ್ಲೇ ಮತ್ತೆ ಗಂಟೆಗಂಟೆಯ ಪ್ರಕಾರ ಬರೆದು, ಗುರುತುಗಳು ಎಲ್ಲೆಲ್ಲಿ ಬೀಳುತ್ತವೆ ಎಂದು ನೋಡಿಕೊಳ್ಳಿ.